ಈಜಪ್ಪ

ಅವರಿಗೆ ನಿಜವಾದ ಹೆಸರೊಂದಿದೆ. ಅದು ಆಫೀಸಿನ ಬ್ಯಾಡ್ಜಿನ ಮೇಲೂ ಊರಿನ ಪಹಣಿಯಲ್ಲೂ ಭದ್ರವಾಗಿದೆ. ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯ ನಮ್ಮ ಬಡಾವಣೆಯ ಕನ್ನಡದವರಿಗೆ ಮಾತ್ರ ಅವರು ಈಜಪ್ಪ. ಹೆಸರಿಟ್ಟವನು ನಾನೇ. ಮಗಳು ನೀರಿಗಿಳಿಯುವ ಮೊದಲೇ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುವ ಅಪ್ಪನಿಗೆ ಇನ್ನೇನಂತ ಕರೆಯಲಿ?

ಇಲ್ಲಿ ಬಡಾವಣೆಗೊಂದು ಈಜುಕೊಳ, ಕೊಳಕ್ಕೊಂದು ಮಕ್ಕಳ ತಂಡ. ಮೇ ಕೊನೆಯ ಮೆಮೋರಿಯಲ್ ಡೇ ಹೊತ್ತಿಗೆ ಬಾಗಿಲು ತೆರೆಯುತ್ತಾರೆ. ಜುಲೈ ಮುಗಿಯುವಷ್ಟರಲ್ಲಿ ಸ್ಪರ್ಧೆಗಳೂ ಮುಗಿಯುತ್ತವೆ. ಸೆಪ್ಟೆಂಬರಿನ ಲೇಬರ್ ಡೇ ಕಳೆಯಿತೋ, ಕೊಳಕ್ಕೆ ಹೊದಿಕೆ ಬಿತ್ತು. ಸ್ಪರ್ಧೆಯ ಎರಡು ತಿಂಗಳ ಶನಿವಾರ ಬೆಳಗುಗಳೆಂದರೆ ಥೇಟ್ ಜಾತ್ರೆ. ಸ್ಪರ್ಧೆಯ ನಂಬರು, ಹೀಟು, ಲೇನು ಎಲ್ಲವನ್ನೂ ಮಕ್ಕಳ ತೋಳಿನ ಮೇಲೆ ಕಪ್ಪು ಮಾರ್ಕರಿನಲ್ಲಿ ಹಚ್ಚೆಯ ಹಾಗೆ ಬರೆದಿರುತ್ತಾರೆ. ಮಕ್ಕಳು ಜೆಲ್ಲಿಯ ಪುಡಿಯನ್ನು ಪೊಟ್ಟಣದಿಂದ ನೇರ ಅಂಗೈಗೆ ಸುರಿದುಕೊಂಡು ನೆಕ್ಕುತ್ತಾರೆ, ಶಕ್ತಿ ಬರುತ್ತದಂತೆ. ಒಂಬತ್ತು ಗಂಟೆಯೊಳಗೆ ಇಡೀ ತಂಡ ಕುಂಕುಮದ ಭರಣಿ ಮೈಮೇಲೆ ಚೆಲ್ಲಿಕೊಂಡ ಹಾಗಿರುತ್ತದೆ. ಅಪ್ಪಂದಿರ ಕೈಗೆ ಸ್ಟಾಪ್‌ವಾಚು ಕೊಟ್ಟು ಲೇನಿನ ತುದಿಯಲ್ಲಿ ನಿಲ್ಲಿಸುತ್ತಾರೆ. ಈಜಪ್ಪನವರು ಮಾತ್ರ ಮನೆಯಿಂದಲೇ ಎರಡು ತಂದಿರುತ್ತಾರೆ.

ಅವರ ಮಗಳು ಪುಟ್ಟಿಗೆ ಎಂಟು ವರ್ಷ. ಅವಳ ಪಾಲಿಗೆ ಬಂದದ್ದು 25 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಹೋದ ಬೇಸಿಗೆಯ ಮೊದಲ ಶನಿವಾರ ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದಳು. ಈಜಪ್ಪ ಕುಣಿಯಲು ಒಂದು ಕಾಲೆತ್ತಿದ್ದರು, ಅಷ್ಟರಲ್ಲಿ ಬಿಳಿ ಅಂಗಿಯ ತೀರ್ಪುಗಾರರು ಒಂದು ಕೈ ಮೇಲೆತ್ತಿ ನಿಂತಿದ್ದು ಕಣ್ಣಿಗೆ ಬಿತ್ತು. ಮಾತಿಲ್ಲ, ಕತೆಯಿಲ್ಲ, ಕೈ ಮೇಲೆ ಹೋಯಿತೆಂದರೆ ಡಿಸ್ಕ್ವಾಲಿಫೈ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಎರಡೂ ಕಾಲು ಕಪ್ಪೆಯ ಹಾಗೆ ಒಟ್ಟಿಗೆ ಹೊರಕ್ಕೆ ಒದೆಯಬೇಕು. ಪುಟ್ಟಿಯ ಎಡಗಾಲು ಕಪ್ಪೆ, ಬಲಗಾಲು ಕತ್ತರಿ. ಎರಡನೇ ಶನಿವಾರ ಅದೇ ಕಾಲು, ಅದೇ ಕೈ. ಮೂರನೆಯದರಲ್ಲೂ.

ತಂಡದ ಕೋಚ್ ಹೈಸ್ಕೂಲಿನ ಹುಡುಗಿ. ಅವಳೇ ಕರೆದು ಹೇಳಿದಳು: ನಿಮ್ಮ ಮಗಳಿಗೆ ದಮ್ಮಿದೆ, ಹೆದರಿಕೆಯಿಲ್ಲ, ಆ ಒಂದು ಕಾಲು ತಿದ್ದಿದರೆ ಸಾಕು. ಚಳಿಗಾಲದಲ್ಲಿ ವಾರಕ್ಕೆ ಅರ್ಧ ಗಂಟೆಯಂತೆ ಆರೇಳು ವಾರ ಯಾರ ಹತ್ತಿರವಾದರೂ ಕಲಿಸಿ. ನಾನೂ ರೆಕ್ (ರಿಕ್ರಿಯೇಶನ್) ಸೆಂಟರಿನ ಕೊಳದಲ್ಲಿ ಹೇಳಿಕೊಡುತ್ತೇನೆ.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪುಕ್ಕಟೆ ಸಿಕ್ಕಿದ ಸಲಹೆಯನ್ನು ನಂಬುವ ಜಾಯಮಾನ ಈಜಪ್ಪನವರದಲ್ಲ. "ಆ ಹುಡುಗಿಗೆ ಹದಿನೇಳು ವರ್ಷ ಸಾರ್. ಅವಳಿಗೇನು ಗೊತ್ತು?" ಎಂದರು. ಹನ್ನೊಂದು ವರ್ಷದಿಂದ ಈಜುತ್ತಿರುವ ಹುಡುಗಿ ಅದು.

ಆಗಸ್ಟಿನಲ್ಲಿ ಎಕ್ಸೆಲ್ ಶೀಟು ಹುಟ್ಟಿತು. ನನಗೆ ತೋರಿಸುವ ಹೊತ್ತಿಗೆ ಅದರ ಹೆಸರು 'ಪುಟ್ಟಿ ಆಫ್ ಸೀಸನ್ ಫೈನಲ್ 7'. ಸುತ್ತಮುತ್ತಲ ಈಜು ಶಾಲೆ, ಕ್ಲಬ್ಬು, ಖಾಸಗಿ ಪಾಠದವರು ಎಲ್ಲರೂ ಅಡ್ಡಸಾಲಿನಲ್ಲಿದ್ದರು. ಉದ್ದಸಾಲಿನಲ್ಲಿ ಫೀಸು, ದೂರ, ಮಕ್ಕಳಿಗೆಷ್ಟು ಟೀಚರು, ನೀರಿನ ಬಿಸಿ, ಪಾರ್ಕಿಂಗು. 'ಗಜವೋ ಮೀಟರೋ' ಎಂಬ ಕಾಲಮ್ಮಿಗೆ ಕೆಂಪು ಬಣ್ಣ ಬಳಿದಿದ್ದರು.

"ಇದೇನ್ರಿ ಇದು?"

"ಮೋಸ ಸಾರ್! ನಮ್ಮ ಬೇಸಿಗೆ ಕೊಳ 25 ಮೀಟರು. ಒಳಾಂಗಣದ ಕೊಳಗಳು ಬಹುಪಾಲು 25 ಗಜ. ಅಂದ್ರೆ 22.86 ಮೀಟರು. ಪ್ರತಿ ಲೆಂತಿಗೂ 2.14 ಮೀಟರ್ ನೀರು ನಮಗೆ ಕಮ್ಮಿ. ದುಡ್ಡೇನು ಕಮ್ಮಿ ತಗೋತಾರಾ?"

ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಜಾರಿಸಿ ಅಳೆಯುವವನನ್ನು ಹಿಡಿದ ಗಿರಾಕಿಯ ಹಾಗಿತ್ತು ಅವರ ಮುಖ.

ಮೊದಲು ಮನಸ್ಸು ಹರಿದದ್ದು ವರ್ಷವಿಡೀ ನಡೆಯುವ ಕ್ಲಬ್ಬಿನ ಕಡೆಗೆ. ಅದಕ್ಕೆ ಕೇಟಿ ಲೆಡೆಕಿ ಕಾರಣ. ಇದೇ ಕೌಂಟಿಯ ಬೆಥೆಸ್ಡಾದ ಹುಡುಗಿ. ಆರನೇ ವಯಸ್ಸಿಗೆ ಇಂಥದೇ ಬೇಸಿಗೆ ತಂಡದಲ್ಲಿ ಶುರು ಮಾಡಿ, 15ನೇ ವಯಸ್ಸಿಗೆ 2012ರ ಲಂಡನ್ ಒಲಿಂಪಿಕ್ಸಿನಲ್ಲಿ 800 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದಳು. ಆಮೇಲೆ ಮೂರು ಒಲಿಂಪಿಕ್ಸಿನಲ್ಲೂ ಆ ಚಿನ್ನವನ್ನು ಬಿಟ್ಟುಕೊಡಲಿಲ್ಲ. "ನಮ್ಮನೆಯಿಂದ ಇಪ್ಪತ್ತೇ ನಿಮಿಷ ಸಾರ್" ಎನ್ನುತ್ತಾರೆ ಈಜಪ್ಪ, ಪ್ರತಿಭೆ ಪೈಪಿನಲ್ಲಿ ಹರಿದು ಬರುವ ಹಾಗೆ. ಪಕ್ಕದ ಬಾಲ್ಟಿಮೋರಿನ ಈಜುಪಟು ಫೆಲ್ಪ್ಸ್‌ನನ್ನೂ ಆಗಾಗ ಎಳೆದು ತರುತ್ತಾರೆ. ಆತನಿಗೆ ಎಳವೆಯಲ್ಲಿ ಮುಖ ನೀರಿಗಿಡಲು ಭಯವಿತ್ತೆಂಬುದನ್ನು ನಾನು ನೆನಪಿಸಿದರೆ ಅವರಿಗೆ ಫೋನು ಬರುತ್ತದೆ.

ಕ್ಲಬ್ಬಿನವರು ಈಜುವ ಸಮಯಕ್ಕೆ ತಕ್ಕ ದರ್ಜೆಗಳ ಪಟ್ಟಿ ಕೊಟ್ಟರು. ಬಿ, ಬಿಬಿ, ಎ, ಎಎ, ಎಎಎ, ನಾಲ್ಕು ಎ. ರಿಮೋಟಿಗೆ ಸೆಲ್ಲು ತರಲು ಬರೆದ ಚೀಟಿಯ ಹಾಗೆ ಅದು ಫ್ರಿಜ್ಜಿನ ಬಾಗಿಲಿಗೆ ಅಂಟಿತು. ವಾರಕ್ಕೆ ನಾಲ್ಕು ಸಂಜೆ ಅಭ್ಯಾಸ. ಪುಟ್ಟಿಯ ಪಿಯಾನೊ, ಭಾನುವಾರದ ಕನ್ನಡ ಶಾಲೆ, ಹೋಮ್‌ವರ್ಕು ಎಲ್ಲ ಎತ್ತ ಹೋಗಬೇಕು ಎಂದು ಮನೆಯಾಕೆ ಕೇಳಿದ್ದಕ್ಕೆ ಶೀಟಿನಲ್ಲಿ ಇನ್ನೊಂದು ಕಾಲಮ್ಮು ಸೇರಿತು. ನನಗನ್ನಿಸಿದ್ದನ್ನು ನಾನೂ ಹೇಳಿದೆ. ಕ್ಲಬ್ಬು ಕೆಟ್ಟದ್ದಲ್ಲ. ಈಜೇ ಪ್ರಾಣ ಅನ್ನುವ ಮಗುವಿಗೆ ಅದೇ ಸರಿ. ಆದರೆ ಅಲ್ಲಿ ಒಂದು ಲೇನಿನಲ್ಲಿ ಏಳೆಂಟು ಮಕ್ಕಳು ಒಬ್ಬರ ಹಿಂದೊಬ್ಬರು ಸುತ್ತುತ್ತಾರೆ. ಪುಟ್ಟಿಯ ಒಂದು ಕಾಲನ್ನು ಯಾರು ನೋಡುತ್ತಾರೆ? ತಪ್ಪು ಒದೆತವನ್ನೇ ಸಾವಿರ ಸಲ ಒದ್ದರೆ ಗಟ್ಟಿಯಾಗುವುದು ತಪ್ಪೇ. ಈಜಪ್ಪ ತಲೆಯಾಡಿಸಿ, ಶೀಟನ್ನು 'ಫೈನಲ್ 8' ಎಂದು ಉಳಿಸಿದರು.

ಸೆಪ್ಟೆಂಬರ್ ಪೂರ್ತಿ ಪರೀಕ್ಷಾ ಪ್ರವಾಸ. ಗಾಜಿನ ಗೋಡೆಯ ಈಚೆ ನಿಂತು ಪರರ ಮಕ್ಕಳ ಪಾಠಕ್ಕೆ ಸ್ಟಾಪ್‌ವಾಚು ಹಿಡಿದರು. ಒಂದು ಕಡೆ ಕಾವಲಿನವನು ಬಂದು ನೀವು ಯಾವ ಮಗುವಿನ ತಂದೆ ಎಂದು ವಿಚಾರಿಸಿಕೊಂಡನಂತೆ. ಇಷ್ಟಾದರೂ ಅವರ ಸಂಶೋಧನೆಯಲ್ಲಿ ಒಂದನ್ನು ಮೆಚ್ಚಲೇಬೇಕು. ಆರು ಮಕ್ಕಳಿಗೆ ಒಬ್ಬರೇ ಟೀಚರಿದ್ದ ಅರ್ಧ ಗಂಟೆಯ ಕ್ಲಾಸಿನಲ್ಲಿ ಒಂದು ಮಗು ನಿಜಕ್ಕೂ ಈಜಿದ್ದು ಆರು ನಿಮಿಷ. ಮಿಕ್ಕಿದ್ದೆಲ್ಲ ಸರದಿಗೆ ಕಾಯುತ್ತ ಗೋಡೆ ಹಿಡಿದು ನಡುಗಿದ್ದು. ಯಾವ ಜಾಹೀರಾತೂ ಹೇಳದ ಲೆಕ್ಕವದು.

ಒಂದು ರಾತ್ರಿ ಊಟಕ್ಕೆ ಕರೆದಿದ್ದರು. ನೀರಿನ ಬಿಸಿ 80 ಡಿಗ್ರಿ ಫ್ಯಾರನ್‌ಹೀಟ್ ಸಾಕೋ 84 ಬೇಕೋ ಎಂಬ ಚರ್ಚೆ ಸಾರಿನಿಂದ ಮಜ್ಜಿಗೆಯವರೆಗೂ ನಡೆಯಿತು. ಮನೆಯಾಕೆ ಉಪ್ಪಿನಕಾಯಿ ಬಡಿಸುತ್ತ, "ನಿಮಗೆ ಈಜು ಕಲಿಸಿದ್ದು ಯಾರ್ರೀ?" ಅಂದರು.

ಈಜಪ್ಪನವರದು ಅರಸೀಕೆರೆ ಕಡೆಯ ಹಳ್ಳಿ. ಸೋದರಮಾವ ಎರಡು ಒಣ ತೆಂಗಿನಕಾಯಿ ಜೋಡಿ ಮಾಡಿ ಹಗ್ಗದಲ್ಲಿ ಸೊಂಟಕ್ಕೆ ಬಿಗಿದು, ತೋಟದ ಬಾವಿಗೆ ಹಿಂದಿನಿಂದ ನೂಕಿದ್ದ. ಪಠ್ಯಕ್ರಮ ಅಷ್ಟೇ. ಬಾವಿಯಲ್ಲಿ ನೀರಿದ್ದರೆ ಸೀಸನ್ನು, ಇಲ್ಲದಿದ್ದರೆ ಆಫ್ ಸೀಸನ್ನು. "ಫೀಸು ಎಷ್ಟಾಯ್ತು?" ಎಂದೆ. "ತೆಂಗಿನಕಾಯಿ ವಾಪಸ್ ಇಸ್ಕೊಂಡ ಸಾರ್" ಎಂದರು, ಈಗಲೂ ಆ ಬೇಸರವಿದ್ದವರ ಹಾಗೆ.

ಶೀಟು ಹನ್ನೊಂದನೇ ಆವೃತ್ತಿಗೆ ಬರುವಷ್ಟರಲ್ಲಿ ಒಳ್ಳೆಯ ಕ್ಲಾಸುಗಳೆಲ್ಲ ಭರ್ತಿಯಾಗಿದ್ದವು. ಉಳಿದದ್ದು ರೆಕ್ ಸೆಂಟರಿನಲ್ಲಿ ಭಾನುವಾರ ಬೆಳಗಿನ ಏಳೂವರೆಯ ಅರ್ಧ ಗಂಟೆ. ಟೀಚರು: ಅದೇ ಹದಿನೇಳರ ಹುಡುಗಿ.

ಮೊದಲ ಪಾಠದ ದಿನ ನಾನೂ ಹೋಗಿದ್ದೆ. ಹುಡುಗಿ ಮೊದಲಿಗೆ ಪುಟ್ಟಿಯನ್ನು ನೀರಿಗೇ ಬಿಡಲಿಲ್ಲ. ಕೊಳದ ಅಂಚಿನಲ್ಲಿ ಬೋರಲು ಮಲಗಿಸಿ, ಪಾದಗಳನ್ನು ಕೈಯಲ್ಲಿ ಹಿಡಿದು, ಹಿಮ್ಮಡಿ ಹಿಂದಕ್ಕೆ, ಬೆರಳು ಹೊರಕ್ಕೆ, ಸುತ್ತಿ ಜೋಡಿಸು ಎಂದು ಹತ್ತು ನಿಮಿಷ ತಿರುಗಿಸಿದಳು. ಆಮೇಲೆ ನೀರಿನಲ್ಲಿ ನಾಲ್ಕೇ ಲೆಂತ್. ಈಜಪ್ಪ ಬೆಂಚಿನ ಮೇಲೆ ಚಡಪಡಿಸಿ, ಫೋನಿನಲ್ಲಿ ಡಾಲರನ್ನು ಲೆಂತಿನಿಂದ ಭಾಗಿಸಿ ನನ್ನ ಮೂಗಿಗೆ ಹಿಡಿದರು. "ಅದೂ ಗಜದ ಲೆಂತು ಸಾರ್!"

ಮೂರು ವಾರದ ನಂತರ ಪಾತ್ರೆ ವಾಪಸು ಕೊಡಲು ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಕಾರ್ಪೆಟ್ಟಿನ ಮೇಲೆ ಈಜಪ್ಪ ಬೋರಲು ಬಿದ್ದಿದ್ದರು. ಪಂಚೆ ಮೊಣಕಾಲಿಗೇರಿತ್ತು. ಪುಟ್ಟಿ ಹಿಂದೆ ಕೂತು ಅವರ ಪಾದ ತಿರುಗಿಸುತ್ತಿದ್ದಳು. "ಅಪ್ಪಾ, ಬೆರಳು ಹೊರಗೆ. ಹೊರಗೆ ಅಂದ್ನಲ್ಲ!"

"ಬನ್ನಿ ಸಾರ್, ಕೂತ್ಕೊಳಿ, ಎರಡೇ ನಿಮಿಷ" ಎಂದು ನೆಲದಿಂದಲೇ ಉಪಚರಿಸಿ, ಎರಡೂ ಕಾಲು ಮಡಿಸಿ ಜೋರಾಗಿ ಒದ್ದರು. ಎಡಗಾಲು ಕಪ್ಪೆಯ ಹಾಗೇ ಹೋಯಿತು. ಬಲಗಾಲು ಟೀಪಾಯಿಗೆ ಬಡಿಯಿತು.

ಪುಟ್ಟಿ ಎದ್ದು ನಿಂತು, ಮಾತಿಲ್ಲದೆ ಒಂದು ಕೈ ಮೇಲೆತ್ತಿದಳು.