ಮಾತ್ರೆಡಬ್ಬಿಯ ರಾಯರು

ವೈದ್ಯಶಾಸ್ತ್ರವನ್ನು ಓದದೆ, ಔಷಧಿ ಅಂಗಡಿಯ ಪರವಾನಗಿಯನ್ನೂ ಪಡೆಯದೆ, ಯಾರಿಂದಲೂ ಬಿಡಿಗಾಸು ತೆಗೆದುಕೊಳ್ಳದೆ ನಾಲ್ಕಾರು ಮನೆಗಳ ಜ್ವರ, ಕೆಮ್ಮು, ಮಂಡಿನೋವುಗಳ ಉಸ್ತುವಾರಿ ಹೊತ್ತ ಗೃಹಸ್ಥರೊಬ್ಬರು ಕರ್ನಾಟಕದ ಪಟ್ಟಣಗಳ ಬಹುಪಾಲು ಬಡಾವಣೆಗಳಲ್ಲಿ ಇದ್ದೇ ಇರುತ್ತಾರೆ. ಇವರು ಸಾಮಾನ್ಯವಾಗಿ ನಿವೃತ್ತರು. ಬ್ಯಾಂಕಿನಲ್ಲೋ ಲೋಕೋಪಯೋಗಿ ಇಲಾಖೆಯಲ್ಲೋ ಮೂರು ದಶಕ ಮಂಜೂರಾತಿ ಸಹಿ ಹಾಕಿ ಪಳಗಿದ ಕೈ, ಮಂಜೂರು ಮಾಡಲು ಬೇರೇನೂ ಉಳಿಯದೆ ಹೋದಾಗ, ಮಾತ್ರೆಗಳನ್ನು ಮಂಜೂರು ಮಾಡತೊಡಗುತ್ತದೆ. ಊರೂರಿಗೆ ಹೆಸರು ಬೇರೆಯಾದರೂ ಲಕ್ಷಣ ಒಂದೇ ಆಗಿರುವುದರಿಂದ ಇವರನ್ನು ಇಲ್ಲಿ ಮಾತ್ರೆಡಬ್ಬಿಯ ರಾಯರೆಂದು ಕರೆಯಬಹುದು.

ರಾಯರ ಅಧಿಕಾರದ ಮೂಲ ಅವರ ಡಬ್ಬಿ. ಒಂದು ಕಾಲದಲ್ಲಿ ಬಿಸ್ಕತ್ತು ತುಂಬಿಕೊಂಡು ಬಂದ ಆ ತಗಡಿನ ಡಬ್ಬಿ ಈಗ ಫ್ರಿಜ್ಜಿನ ನೆತ್ತಿಯ ಮೇಲೆ, ಅಂದರೆ ಮನೆಯಲ್ಲಿ ಮಾತ್ರೆ ಇಡಬಾರದಷ್ಟು ಬೆಚ್ಚಗಿರುವ ಜಾಗದಲ್ಲಿ, ಕುಳಿತಿರುತ್ತದೆ. ಅದರೊಳಗೆ ಅರೆಬರೆ ಸ್ಟ್ರಿಪ್ಪುಗಳು, ಮುಚ್ಚಳ ಅಂಟಿಕೊಂಡ ಕೆಮ್ಮಿನ ಸಿರಪ್ಪು, ಮೊಮ್ಮಗ ರಜೆಗೆ ಬಂದಾಗ ತೆರೆದ ಕಣ್ಣಿನ ಹನಿ, ಯಾವುದಕ್ಕೆಂದು ರಾಯರಿಗೇ ಮರೆತುಹೋದ ಹಳದಿ ಕ್ಯಾಪ್ಸೂಲುಗಳು ಇರುತ್ತವೆ. ಅಂಗಡಿಯ ಹುಡುಗ ಬೇಕಾದಷ್ಟು ಮಾತ್ರೆಯನ್ನು ಕತ್ತರಿಸಿ ಕೊಡುವಾಗ ಔಷಧದ ಅವಧಿ ಮುಗಿಯುವ ದಿನಾಂಕ, ಜನರ ಬಾಯಲ್ಲಿ ಎಕ್ಸ್‌ಪೈರಿ ಡೇಟ್, ಹೆಚ್ಚಾಗಿ ಅಂಗಡಿಯಲ್ಲೇ ಉಳಿದ ತುಂಡಿನ ಪಾಲಾಗಿರುತ್ತದೆ. ರಾಯರಿಗೆ ಇದರಿಂದ ತೊಂದರೆಯೇನೂ ಇಲ್ಲ. ದಿನಾಂಕ ಕಾಣದಿದ್ದರೆ ಮಾತ್ರೆ ಹಳೆಯದೆನ್ನಲು ಪುರಾವೆಯಿಲ್ಲ. ಕಂಡರೆ, ಅದು ಕಂಪನಿಯವರು ವ್ಯಾಪಾರಕ್ಕಾಗಿ ಹಾಕಿದ್ದು.

ಈ ದಾಸ್ತಾನು ಎಲ್ಲಿಂದ ಬಂತೆಂಬುದು ವಿಚಾರಿಸಬೇಕಾದ ಸಂಗತಿ. ರಾಯರಾಗಲಿ ಅವರ ಮನೆಯವರಾಗಲಿ ಡಾಕ್ಟರು ಹೇಳಿದಷ್ಟು ದಿನ ಮಾತ್ರೆ ನುಂಗಿದ್ದರೆ ಡಬ್ಬಿ ಎಂದೋ ಬರಿದಾಗಬೇಕಿತ್ತು. ಐದು ದಿನಕ್ಕೆ ಬರೆದ ಪ್ರತಿಜೀವಕವನ್ನು, ಅಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುವ ಔಷಧವನ್ನು, ಎರಡನೆಯ ದಿನ ಗಂಟಲು ಹಗುರವಾದ ಕೂಡಲೇ ಉಷ್ಣವಾಗುತ್ತದೆಂದು ನಿಲ್ಲಿಸಿ, ಒಂದು ಎಳನೀರು ಕುಡಿದು, ಮಿಕ್ಕಿದ್ದನ್ನು ಡಬ್ಬಿಗೆ ಸೇರಿಸುವುದು ಆ ಮನೆಯ ಸಂಪ್ರದಾಯ. ತಾವು ಪಾಲಿಸದೆ ಬಿಟ್ಟ ಸಲಹೆಯೇ ಹೀಗೆ ರಾಯರ ದಾನಧರ್ಮದ ಮೂಲಧನವಾಗುತ್ತದೆ. ಪಕ್ಕದ ಮನೆಯ ಹೆಣ್ಣುಮಗಳು ಸೀನುತ್ತಾ ಗೇಟಿನ ಬಳಿ ಬಂದರೆ ಸಾಕು, ‘ತಗೊಳಮ್ಮ, ಏನೂ ಆಗಲ್ಲ’ ಎಂದು ಆ ಮೂರು ದಿನದ ಮಾತ್ರೆಗಳು ಹಸ್ತಾಂತರವಾಗುತ್ತವೆ. ನೆಗಡಿ ಬರುವುದು ವೈರಾಣುವಿನಿಂದ, ಅದರ ಮೇಲೆ ಪ್ರತಿಜೀವಕದ ಆಟ ನಡೆಯದು ಎಂಬ ಮಾತು ರಾಯರ ಕಿವಿಗೆ ಬಿದ್ದಿಲ್ಲವೆಂದಲ್ಲ. ಆದರೆ ಮಾತ್ರೆ ತೆಗೆದುಕೊಂಡವರ ನೆಗಡಿ ವಾರದೊಳಗೆ ಇಳಿದೇ ಇಳಿಯುವುದರಿಂದ, ತೆಗೆದುಕೊಳ್ಳದವರದೂ ಹಾಗೆಯೇ ಇಳಿಯುತ್ತದೆಂಬುದನ್ನು ಪರೀಕ್ಷಿಸುವ ಅಗತ್ಯ ಅವರಿಗೆ ಬಿದ್ದಿಲ್ಲ.

ರಾಯರ ವಂಶ ಸಾಕಷ್ಟು ಹಳೆಯದು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ತಮ್ಮ ನೊಬೆಲ್ ಉಪನ್ಯಾಸವನ್ನು ಮುಗಿಸುವ ಮುನ್ನ ಎಕ್ಸ್ ಎಂಬ ಕಾಲ್ಪನಿಕ ಗೃಹಸ್ಥನೊಬ್ಬನನ್ನು ಸಭೆಯ ಮುಂದೆ ನಿಲ್ಲಿಸಿದ್ದರು. ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು, ರೋಗಾಣುಗಳು ಸಾಯದಷ್ಟು ಆದರೆ ಔಷಧಕ್ಕೆ ಬಗ್ಗದಿರಲು ಕಲಿಯುವಷ್ಟು ಅಲ್ಪ ಪ್ರಮಾಣದಲ್ಲಿ ಸೇವಿಸುವ ಆತ, ಆ ಪಳಗಿದ ರೋಗಾಣುಗಳನ್ನು ಹೆಂಡತಿಗೆ ಅಂಟಿಸುತ್ತಾನೆ. ಆಕೆಗೆ ನ್ಯುಮೋನಿಯಾ ಆದಾಗ ಅದೇ ಪೆನಿಸಿಲಿನ್ ಕೆಲಸ ಮಾಡದೆ ಆಕೆ ತೀರಿಕೊಳ್ಳುತ್ತಾಳೆ. ಔಷಧ ನಿರೋಧಕತೆ ಎಂದು ಇಂದು ಕರೆಯುವ ಪಿಡುಗಿನ ಕತೆಯನ್ನು ಮದ್ದು ಕಂಡುಹಿಡಿದವರೇ ಮೊದಲ ದಿನಗಳಲ್ಲಿ ಹೇಳಿಬಿಟ್ಟಿದ್ದರು. ಆ ಎಕ್ಸ್ ತನ್ನ ಮದ್ದನ್ನು ತಾನೇ ನುಂಗುವ ಸ್ವಾರ್ಥಿ, ರಾಯರಾದರೋ ಉದಾರಿಗಳು.

ಜ್ವರದ ವಿಷಯದಲ್ಲಿ ಈ ಉದಾರತೆಗೆ ಎಲ್ಲೆಯೇ ಇಲ್ಲ. ‘ಒಂದು ಡೋಲೊ ಹಾಕ್ಕೊಳ್ಳಿ’ ಎಂಬುದು ಬಡಾವಣೆಯಲ್ಲಿ ಕುಶಲಪ್ರಶ್ನೆಯ ಸ್ಥಾನಕ್ಕೆ ಏರಿದೆ. ಅದರಲ್ಲಿರುವ ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸಾಧುವಾದ ಔಷಧವೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಒಟ್ಟು 4 ಗ್ರಾಮ್ ಮೀರಬಾರದೆಂಬುದು ಅದರ ಮಿತಿ. ಆದರೆ ನೆಗಡಿಗೆ, ಮೈಕೈನೋವಿಗೆ, ತಲೆನೋವಿಗೆ ಬೇರೆ ಬೇರೆ ಹೆಸರಿನಲ್ಲಿ ಮಾರುವ ಹಲವು ಮಾತ್ರೆಗಳ ಒಳಗೂ ಅದೇ ಪ್ಯಾರಾಸಿಟಮಾಲ್ ಅಡಗಿರುವುದರಿಂದ, ರಾಯರು ಒಂದೊಂದು ನೋವಿಗೆ ಒಂದೊಂದು ಬಣ್ಣದ ಮಾತ್ರೆಯನ್ನು ಮಂಜೂರು ಮಾಡಿದಾಗ ಯಕೃತ್ತಿಗೆ ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಹೊರೆ ಬಂದು ಬೀಳುತ್ತದೆ. ಇನ್ನು ಮಳೆಗಾಲದ ಜ್ವರ ಡೆಂಗಿಯಾಗಿದ್ದು, ಮೈನೋವು ತಾಳಲಾರದವರಿಗೆ ರಾಯರು ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್ ಅಥವಾ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇಲ್ಲಿ ನಗುವುದು ಕಷ್ಟ.

ರಾಯರು ತಮಗೆ ತಾವೇ ಮಾಡಿಕೊಳ್ಳುವ ಚಿಕಿತ್ಸೆಯಲ್ಲಿ ಪಂಚಾಂಗಕ್ಕೂ ಪಾಲಿದೆ. ಮದುವೆಮನೆಯಲ್ಲಿ ಹೋಳಿಗೆಯಿರುವ ದಿನ ಶುಗರ್ ಮಾತ್ರೆ ಎರಡು. ಏಕಾದಶಿಯಂದು ಉಪವಾಸವಿದ್ದರೂ, ವ್ರತದ ಜೊತೆ ಮಾತ್ರೆಯ ನಿಯಮವೂ ತಪ್ಪಬಾರದೆಂದು, ತಪ್ಪದೆ ಒಂದು. ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವಾಗ ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ವಿಚಾರಿಸುವುದಿಲ್ಲವಾದ್ದರಿಂದ, ರಕ್ತದ ಸಕ್ಕರೆ ಕುಸಿದು ರಾಯರು ಬೆವರಿ ಕಣ್ಣು ಕತ್ತಲೆಗಟ್ಟಿ ಕುಳಿತುಕೊಳ್ಳುತ್ತಾರೆ. ಮನೆಯಾಕೆ ಸಕ್ಕರೆನೀರು ಕುಡಿಸಿ ಎಬ್ಬಿಸುತ್ತಾರೆ. ದ್ವಾದಶಿಯ ಬೆಳಗ್ಗೆ ರಾಯರು ಇದನ್ನು ಗ್ಯಾಸಿನ ತೊಂದರೆಯೆಂದು ತೀರ್ಮಾನಿಸಿ ಊಟವಾದ ಮೇಲೊಂದು ಗ್ಯಾಸಿನ ಮಾತ್ರೆ ಹಾಕಿಕೊಳ್ಳುತ್ತಾರೆ. ಅದನ್ನು ತಿಂಡಿ ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲಿ ಬರೆದಿತ್ತು. ಬಿಪಿ ಮಾತ್ರೆಯ ಪಾಡು ಇನ್ನೂ ಬೇರೆ: ಬಿಪಿ ನಾರ್ಮಲ್ ಬಂದಿತೆಂದು ಅದನ್ನೇ ನಿಲ್ಲಿಸುವ ರಾಯರಿಗೆ, ನಾರ್ಮಲ್ ಬಂದದ್ದು ಆ ಮಾತ್ರೆಯಿಂದಲೇ ಎಂದು ಹೇಳುವವರಿಲ್ಲ. ಹೇಳಿದವರಿಗೆ ಉಳಿದ ಮಾತ್ರೆಗಳು ಸಿಗುತ್ತವೆ.

ಇಷ್ಟಕ್ಕೂ ರಾಯರೊಬ್ಬರನ್ನೇ ಗುರಿ ಮಾಡುವುದು ನ್ಯಾಯವಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. ಎಷ್ಟೋ ಅಂಗಡಿಗಳಲ್ಲಿ ಅವರ ಪ್ರಮಾಣಪತ್ರ ಗಾಜಿನ ಚೌಕಟ್ಟಿನೊಳಗಿಂದ ನೋಡುತ್ತಿರುತ್ತದೆ, ಮಾತ್ರೆ ಕೊಡುವವನು ಬೇರೆಯವನಾಗಿರುತ್ತಾನೆ. ಸೆಫಿಕ್ಸಿಮ್‌ನಂಥ ಪ್ರಬಲ ಪ್ರತಿಜೀವಕಗಳೂ ಕ್ಷಯರೋಗದ ಔಷಧಗಳೂ ಸೇರಿದ ಎಚ್1 ಎಂಬ ಅನುಸೂಚಿ 2014ರ ಮಾರ್ಚಿನಿಂದ ಜಾರಿಯಲ್ಲಿದ್ದು, ಅವನ್ನು ಮಾರುವಾಗ ರೋಗಿ, ವೈದ್ಯರು, ಔಷಧ, ಪ್ರಮಾಣ ಇವಿಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಚೀಟಿಯಿಲ್ಲದೆ ಕೊಳ್ಳಬಾರದ ಪ್ರತಿಜೀವಕಗಳನ್ನು ಜನ ಗುರುತಿಸಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಬಗ್ಗೆ ಪ್ರಚಾರವನ್ನೂ ನಡೆಸಿತು. ರಾಯರು ಆ ಗೆರೆಯನ್ನು ಚೆನ್ನಾಗಿ ಬಲ್ಲರು; ಗೆರೆಯಿದ್ದರೆ ಮಾತ್ರೆ ಸ್ಟ್ರಾಂಗ್ ಎಂಬುದು ಅವರ ವ್ಯಾಖ್ಯಾನ. ವೈದ್ಯರು ಔಷಧದ ಜೆನೆರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲದೆ ಒಳಗಿರುವ ಮದ್ದಿನ ಹೆಸರನ್ನು, ಓದಲು ಬರುವಂತೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ಸೂಚಿಸಿತ್ತು. ಹಾಗೆ ಬರೆದು, ‘ಈ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಡ, ವಿಶ್ರಾಂತಿ ಸಾಕು’ ಎಂದು ಹೇಳಿ ಕಳುಹಿಸುವ ಡಾಕ್ಟರರೂ ಇದ್ದಾರೆ. ಅವರಿಗೆ ಕೈಗುಣವಿಲ್ಲವೆಂದು ರಾಯರು ಮರುವಾರವೇ ಪಕ್ಕದ ರಸ್ತೆಯಲ್ಲಿ ಇಂಜೆಕ್ಷನ್ ಕೊಡುವವರನ್ನು ಹುಡುಕಿಕೊಳ್ಳುತ್ತಾರೆ.

ಡಾಕ್ಟರು ಕೊಟ್ಟ ಮಾತ್ರೆಗಳ ಅಡ್ಡಪರಿಣಾಮಗಳ ಬಗ್ಗೆ ರಾಯರಷ್ಟು ವಿವರವಾಗಿ ಮಾತನಾಡಬಲ್ಲವರು ಅಪರೂಪ. ಬಾಯಿ ಒಣಗಿದ್ದು, ಕಾಲು ಊದಿದ್ದು, ಒಣಕೆಮ್ಮು ಹತ್ತಿದ್ದು, ಎಲ್ಲವೂ ಉದ್ಯಾನವನದ ಕಲ್ಲುಬೆಂಚಿನ ಮೇಲೆ ದಿನಾಂಕ ಸಹಿತ ವರದಿಯಾಗುತ್ತವೆ. ಇಂಥ ವರದಿಗಳನ್ನು ಕೇಳಿ ದಾಖಲಿಸಿಕೊಳ್ಳುವುದಕ್ಕೆಂದೇ, ಮಾರುಕಟ್ಟೆಗೆ ಬಂದ ಔಷಧಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಿಂದ ದೇಶದಲ್ಲಿದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ, ವೈದ್ಯರಷ್ಟೇ ಅಲ್ಲದೆ ರೋಗಿಗಳೂ ನೇರವಾಗಿ ತಿಳಿಸಬಹುದು, ಕನ್ನಡದಲ್ಲಿಯೂ ನಮೂನೆಯಿದೆ. ಕಲ್ಲುಬೆಂಚಿನ ವರದಿಗಳಲ್ಲಿ ಒಂದೂ ಅಲ್ಲಿಗೆ ತಲುಪಿಲ್ಲ. ಅದರ ಸಹಾಯವಾಣಿ 1800-180-3024. ರಾಯರಿಗೆ ಒಪ್ಪಿಗೆಯಾಗುವಂತೆ, ಕರೆ ಉಚಿತ.