ಒಂಬತ್ತು ತಿಂಗಳ ಕಚೇರಿಯೊಡನೆ ಸಂದರ್ಶನ

ವೈದ್ಯಗ್ರಂಥಗಳು ಜರಾಯು ಎಂದೂ ಸೂಲಗಿತ್ತಿಯರು ಮಾಸು ಎಂದೂ ಕರೆಯುವ ಅಂಗವು ಮನುಷ್ಯದೇಹದ ತಾತ್ಕಾಲಿಕ ಕಚೇರಿಯಾಗಿದ್ದು, ಗರ್ಭ ನಿಂತ ಮೇಲೆ ಸ್ಥಾಪನೆಯಾಗಿ, ಹೆರಿಗೆಯ ಬೆನ್ನಿಗೇ ಬಾಗಿಲು ಮುಚ್ಚುತ್ತದೆ. ಸುಮಾರು ಅರ್ಧ ಕಿಲೋ ತೂಗುವ ಈ ಕಚೇರಿಗೆ ನಾಮಫಲಕವೂ ಇಲ್ಲ, ನಿವೃತ್ತಿವೇತನವೂ ಇಲ್ಲ. ಗರ್ಭಿಣಿಗೆ ಫ್ಲೂ ಲಸಿಕೆ ಕೊಡಬೇಕೇ ಬೇಡವೇ ಎಂಬ ವಿಷಯದಲ್ಲಿ ಅತ್ತೆಮನೆ, ತವರುಮನೆ, ಔಷಧದಂಗಡಿ, ಪಕ್ಕದ ಮನೆ ಎಲ್ಲವೂ ಅಭಿಪ್ರಾಯ ನೀಡಿದ್ದು, ಲಸಿಕೆಯ ಫಲವನ್ನು ಮಗುವಿಗೆ ಮುಟ್ಟಿಸಬೇಕಾದ ಕಚೇರಿಯನ್ನು ಮಾತ್ರ ಯಾರೂ ವಿಚಾರಿಸಿರಲಿಲ್ಲವಾದ್ದರಿಂದ, ಜೂನ್ ತಿಂಗಳ ಕೊನೆಯಲ್ಲಿ, ಗರ್ಭದ 38ನೆಯ ವಾರದಲ್ಲಿ, ಈ ಸಂದರ್ಶನ ನಡೆಯಿತು. ತನ್ನನ್ನು ಉತ್ತಮ ಪುರುಷದಲ್ಲಿ ಕರೆದುಕೊಳ್ಳಲು ನಿಯಮಗಳಲ್ಲಿ ಅವಕಾಶವಿಲ್ಲವೆಂದು ಮೊದಲೇ ತಿಳಿಸಿದ ಮಾಸು, ಕೊನೆಯವರೆಗೂ ಕಚೇರಿಯ ಭಾಷೆಯನ್ನು ಬಿಡಲಿಲ್ಲ.

ಪ್ರಶ್ನೆ: ತಮ್ಮ ಕಚೇರಿಯ ಕಾರ್ಯವ್ಯಾಪ್ತಿಯನ್ನು ಓದುಗರಿಗೆ ತಿಳಿಸಬಹುದೇ?

ಮಾಸು: ತಾಯಿಯ ರಕ್ತದಿಂದ ಆಮ್ಲಜನಕವನ್ನೂ ಆಹಾರವನ್ನೂ ಪಡೆದು ಮಗುವಿಗೆ ಕೊಡುವುದು, ಮಗುವಿನ ಕಸವನ್ನು ಹಿಂದಕ್ಕೆ ಸಾಗಿಸುವುದು ಮತ್ತು ಎರಡೂ ರಕ್ತಗಳು ಎಂದೂ ಬೆರೆಯದಂತೆ ಕಾಯುವುದು ಈ ಕಚೇರಿಯ ಕರ್ತವ್ಯಗಳಾಗಿವೆ. ಗಡಿಯಲ್ಲಿರುವ ಪದರವನ್ನು ಸಿನ್ಸಿಷಿಯೋಟ್ರೋಫೋಬ್ಲಾಸ್ಟ್ ಎನ್ನುತ್ತಾರೆ. ಅಸಂಖ್ಯ ಜೀವಕೋಶಗಳು ತಮ್ಮ ನಡುವಿನ ಗೋಡೆಗಳನ್ನು ಕೆಡವಿಕೊಂಡು ಒಂದೇ ಹಜಾರವಾಗಿರುವುದರಿಂದ, ‘ಇದು ಪಕ್ಕದ ಮೇಜಿನವರ ಕೆಲಸ’ ಎಂದು ಹೇಳಿ ಕಳಿಸಲು ಇಲ್ಲಿ ಪಕ್ಕದ ಮೇಜು ಎಂಬುದೇ ಇಲ್ಲ.

ಪ್ರಶ್ನೆ: ಬಸುರಿಗೆ ಬರುವ ಫ್ಲೂ ಜ್ವರದ ಬಗ್ಗೆ ಇಷ್ಟೊಂದು ಗಾಬರಿ ಅಗತ್ಯವೇ? ಶುಂಠಿ ಕಷಾಯ ಸಾಲದೇ?

ಮಾಸು: ಕಷಾಯದ ಬಗ್ಗೆ ಈ ಕಚೇರಿಯ ಆಕ್ಷೇಪಣೆ ಇಲ್ಲ, ಆದರೆ ವೈರಸ್ಸಿಗೂ ಅದರ ಬಗ್ಗೆ ಆಕ್ಷೇಪಣೆ ಇದ್ದಂತೆ ಕಾಣುವುದಿಲ್ಲ. 2009ರ ಎಚ್1ಎನ್1 ಪಿಡುಗಿನಲ್ಲಿ ಅಮೆರಿಕದ ಜನಸಂಖ್ಯೆಯಲ್ಲಿ ಸುಮಾರು ಶೇಕಡ 1ರಷ್ಟಿದ್ದ ಗರ್ಭಿಣಿಯರು ಅಲ್ಲಿನ ಫ್ಲೂ ಸಾವುಗಳಲ್ಲಿ ಸುಮಾರು ಶೇಕಡ 5ರಷ್ಟಿದ್ದರು. ಬೆಳೆದ ಗರ್ಭಕೋಶವು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಹಾಸನ್ನು, ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಜಾಗ ಕಡಿಮೆಯಾಗುತ್ತದೆ, ಹೃದಯಕ್ಕೆ ಹೊರೆ ಹೆಚ್ಚುತ್ತದೆ. ಇಂಥ ಹೊತ್ತಿನಲ್ಲಿ ನ್ಯುಮೋನಿಯಾ ಬಂದರೆ ತಡೆದುಕೊಳ್ಳುವುದು ಕಷ್ಟ.

ಪ್ರಶ್ನೆ: ಗರ್ಭ ನಿಂತೊಡನೆ ತಾಯಿಯ ರೋಗನಿರೋಧಕ ಶಕ್ತಿ ನಿದ್ದೆಹೋಗುತ್ತದೆ, ಆದ್ದರಿಂದ ಲಸಿಕೆ ಕೊಟ್ಟರೂ ವ್ಯರ್ಥ ಎಂಬ ಮಾತಿದೆಯಲ್ಲ?

ಮಾಸು: ಅರ್ಧ ಭಾಗ ತಂದೆಯ ಕಡೆಯದಾದ ಮಗುವನ್ನು ತಾಯಿಯ ದೇಹ ಪರಕೀಯವೆಂದು ಹೊರಗಟ್ಟುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು 1953ರಲ್ಲಿ ಜೀವವಿಜ್ಞಾನಿ ಪೀಟರ್ ಮೆಡಾವರ್ ಎತ್ತಿದರು. ಕಾವಲುಗಾರರು ಮಲಗಿದ್ದಾರೆ ಎಂಬ ಉತ್ತರ ಸುಲಭದ್ದಾಗಿದ್ದುದರಿಂದ ಬಹುಕಾಲ ಬಾಳಿತು. ನಿಜದಲ್ಲಿ ಕಾವಲುಗಾರರಿಗೆ ಪಾಳಿ ಬದಲಾಗಿರುತ್ತದೆ, ಅಷ್ಟೆ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಗರ್ಭಿಣಿಯರ ರಕ್ತದ ಕೆಲವು ರಕ್ಷಕ ಕೋಶಗಳು ಫ್ಲೂ ವೈರಸ್ಸಿಗೆ ಇತರರ ಕೋಶಗಳಿಗಿಂತ ಜೋರಾಗಿ ಪ್ರತಿಕ್ರಿಯಿಸುವುದನ್ನು ಕಂಡರು. ಲಸಿಕೆಗೆ ಪ್ರತಿಕಾಯ ತಯಾರಿಸುವುದರಲ್ಲಿಯೂ ಗರ್ಭಿಣಿಯರು ಉಳಿದವರಿಗಿಂತ ಬಹಳವೇನೂ ಹಿಂದೆ ಬೀಳುವುದಿಲ್ಲ.

ಪ್ರಶ್ನೆ: ಪ್ರತಿಕಾಯ ಎಂದರೇನು, ಅದು ತಯಾರಾಗುವುದು ಹೇಗೆ?

ಮಾಸು: ಗರ್ಭಿಣಿಗೆ ಕೊಡುವ ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ, ನಿಷ್ಕ್ರಿಯಗೊಳಿಸಿದ ವೈರಸ್ಸಿನ ಭಾಗಗಳು ಮಾತ್ರ ಇರುತ್ತವೆ. ಮೂಗಿಗೆ ಸಿಂಪಡಿಸುವ, ದುರ್ಬಲಗೊಳಿಸಿದ ಜೀವಂತ ಲಸಿಕೆಯನ್ನು ಬಸುರಿಯರಿಗೆ ಕೊಡುವುದಿಲ್ಲ. ತೋಳಿಗೆ ಸೇರಿದ ಆ ಭಾಗಗಳನ್ನು ಕಂಕುಳಿನ ದುಗ್ಧಗ್ರಂಥಿಗಳಲ್ಲಿ ಬಿ ಕೋಶಗಳೆಂಬ ರಕ್ಷಕ ಕೋಶಗಳು ಗುರುತಿಸಿ, ಅವಕ್ಕೆ ಅಂಟಿಕೊಳ್ಳಬಲ್ಲ ಪ್ರೋಟೀನುಗಳನ್ನು ತಯಾರಿಸುತ್ತವೆ. ಪ್ರತಿಕಾಯ ಎನ್ನುವುದು ಇವನ್ನೇ. ಎರಡರಿಂದ ನಾಲ್ಕು ವಾರಗಳಲ್ಲಿ ಇವುಗಳ ಪ್ರಮಾಣ ಶಿಖರ ಮುಟ್ಟುತ್ತದೆ. ಅಳೆಯುವ ವಿಧಾನ ಸ್ವಾರಸ್ಯಕರವಾದುದು: ಫ್ಲೂ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಗುಂಪುಗೂಡಿಸುತ್ತದೆ, ಪ್ರತಿಕಾಯವಿದ್ದರೆ ಆ ಗುಂಪುಗಾರಿಕೆ ನಡೆಯುವುದಿಲ್ಲ. ತಾಯಿಯ ರಕ್ತದ್ರವವನ್ನು ನಲವತ್ತು ಪಟ್ಟು ತೆಳುಮಾಡಿದರೂ ಗುಂಪು ಕಟ್ಟುವುದು ನಿಂತರೆ, ಸೋಂಕಿನ ಸಾಧ್ಯತೆ ಅರ್ಧದಷ್ಟು ತಗ್ಗುತ್ತದೆಂದು ಲೆಕ್ಕ. ಮೂವತ್ತೈದಕ್ಕೆ ಪಾಸು ಎಂದು ನಂಬಿ ಬೆಳೆದವರು ಇಲ್ಲಿ ಇನ್ನೈದು ಅಂಕ ಹೆಚ್ಚಿಗೆ ಓದಬೇಕು.

ಪ್ರಶ್ನೆ: ತಮ್ಮ ರವಾನೆ ಶಾಖೆಯಲ್ಲಿ ಎಲ್ಲ ಪ್ರತಿಕಾಯಗಳಿಗೂ ಪ್ರವೇಶವಿದೆಯೇ?

ಮಾಸು: ಇಲ್ಲ. ಐದೈದು ಒಟ್ಟಿಗೆ ಅಂಟಿಕೊಂಡು ಬರುವ ಐಜಿಎಂ ಎಂಬ ಬಗೆಗೂ, ಲೋಳೆಪೊರೆಗಳ ಕಾವಲಿನ ಐಜಿಎ ಎಂಬ ಬಗೆಗೂ ಇಲ್ಲಿ ರಹದಾರಿ ಸಿಗುವುದಿಲ್ಲ. ಐಜಿಜಿ ಮಾತ್ರ ದಾಟುತ್ತದೆ. ಕವಲುಗೋಲಿನಂತಿರುವ ಐಜಿಜಿಯ ಹಿಡಿಯನ್ನು ಎಫ್‌ಸಿಆರ್‌ಎನ್ ಎಂಬ ಗ್ರಾಹಕವು, ಅಂದರೆ ಹಿಡಿದು ದಾಟಿಸುವ ಪ್ರೋಟೀನು, ಆಮ್ಲೀಯವಾದ ಸಣ್ಣ ಚೀಲದೊಳಗೆ ಬಿಗಿಯಾಗಿ ಹಿಡಿದುಕೊಂಡು, ಆಚೆ ದಡದಲ್ಲಿ ಆಮ್ಲತೆ ತಗ್ಗಿದೊಡನೆ ಕೈಬಿಡುತ್ತದೆ. ಇಂಥ ಸಿಬ್ಬಂದಿಯೊಬ್ಬನಿರಲೇಬೇಕೆಂದು ವೇಲ್ಸ್‌ನ ಬ್ಯಾಂಗರ್‌ನಲ್ಲಿದ್ದ ಪ್ರಾಣಿವಿಜ್ಞಾನಿ ರೋಜರ್ಸ್ ಬ್ರಾಂಬೆಲ್ 1958ರಲ್ಲಿಯೇ, ಯಾರೂ ಅವನನ್ನು ಕಾಣುವ ಮುನ್ನ, ತರ್ಕದಿಂದ ಹೇಳಿದ್ದರು. ಸಾಗಣೆಯು 13ನೆಯ ವಾರದ ಸುಮಾರಿಗೆ ಆರಂಭವಾಗಿ, ಕೊನೆಯ ನಾಲ್ಕು ವಾರಗಳಲ್ಲಿ ಅತಿ ಹೆಚ್ಚು ನಡೆಯುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಐಜಿಜಿಯ ಮಟ್ಟ ತಾಯಿಯದಕ್ಕಿಂತಲೂ ತುಸು ಮೇಲಿರುವುದು ಸಾಮಾನ್ಯ.

ಪ್ರಶ್ನೆ: ಕೊಟ್ಟವರಿಗಿಂತ ಪಡೆದವರಲ್ಲಿ ಹೆಚ್ಚಿದೆಯೆಂದರೆ ಲೆಕ್ಕಪರಿಶೋಧಕರು ಸುಮ್ಮನಿರುತ್ತಾರೆಯೇ?

ಮಾಸು: ಬಂದದ್ದು ಫಲಾನುಭವಿಗೆ ಪೂರ್ತಿ ತಲುಪಿತೆಂದರೆ ನಂಬುವ ಪದ್ಧತಿ ಹೊರಗಿನ ಪ್ರಪಂಚದಲ್ಲಿ ಇಲ್ಲವೆಂಬುದು ಈ ಕಚೇರಿಯ ಗಮನಕ್ಕೆ ಬಂದಿದೆ. ಲೋಪಗಳೂ ಇಲ್ಲದಿಲ್ಲ: ಮಲೇರಿಯಾ ಈ ಕಚೇರಿಯನ್ನೇ ಹೊಕ್ಕಾಗ ಅಥವಾ ತಾಯಿಗೆ ಎಚ್‌ಐವಿ ಇದ್ದಾಗ ಸಾಗಣೆ ಕುಂದುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾದರೆ ಕೊನೆಯ ವಾರಗಳ ಸರಕು ಈ ದಡದಲ್ಲೇ ಉಳಿಯುತ್ತದೆ.

ಪ್ರಶ್ನೆ: ಇದರಿಂದ ಮಗುವಿಗೆ ನಿಜವಾಗಿ ಉಪಕಾರವಾಯಿತೆಂಬುದಕ್ಕೆ ಪುರಾವೆ?

ಮಾಸು: ಢಾಕಾದಲ್ಲಿ 340 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ಲಸಿಕೆ ಪಡೆದವರ ಶಿಶುಗಳಲ್ಲಿ ಪ್ರಯೋಗಾಲಯದಲ್ಲಿ ಖಚಿತಪಟ್ಟ ಫ್ಲೂ ಶೇಕಡ 63ರಷ್ಟು ಕಡಿಮೆಯಿತ್ತು. ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಈ ಅಂಕಿ ಸುಮಾರು 49ಕ್ಕೂ, ನೇಪಾಳದಲ್ಲಿ 30ಕ್ಕೂ ಇಳಿಯಿತು. ನೇಪಾಳದಲ್ಲಿ ಲಸಿಕೆ ಪಡೆದವರ ಶಿಶುಗಳ ಜನನತೂಕ ಮಾತ್ರ ಸರಾಸರಿ 42 ಗ್ರಾಂ ಹೆಚ್ಚಿತ್ತು.

ಪ್ರಶ್ನೆ: ಅರವತ್ತಮೂರು, ನಲವತ್ತೊಂಬತ್ತು, ಮೂವತ್ತು! ಇದು ಇಳಿಜಾರಿನ ದಾರಿಯಲ್ಲವೇ?

ಮಾಸು: ಫ್ಲೂ ವೈರಸ್ಸು ವರ್ಷವರ್ಷವೂ ವೇಷ ಬದಲಿಸುತ್ತದೆ, ಲಸಿಕೆಯಲ್ಲಿರುವ ತಳಿಗೂ ಊರಿನಲ್ಲಿ ಹರಡುವ ತಳಿಗೂ ಹೊಂದಿಕೆಯಾಗದ ವರ್ಷ ಫಲ ಕಡಿಮೆ. ಇನ್ನೊಂದು ಕಾರಣ ಈ ಕಚೇರಿಯ ಹೆಸರಿನಲ್ಲಿಯೇ ಇದೆ. ಎರವಲು ಬಂದ ಪ್ರತಿಕಾಯವನ್ನು ಮಗುವಿನ ದೇಹ ಹೊಸದಾಗಿ ತಯಾರಿಸಲಾರದು, ಆದ್ದರಿಂದ ಅದು ದಿನೇ ದಿನೇ ಮಾಸುತ್ತದೆ. ಸೊವೆಟೊದಲ್ಲಿ ಹುಟ್ಟಿದ ಮೊದಲ ಎಂಟು ವಾರಗಳಲ್ಲಿ ಶೇಕಡ 86ರ ಸುಮಾರಿಗಿದ್ದ ರಕ್ಷಣೆ, ಮುಂದಿನ ಎಂಟು ವಾರಗಳಲ್ಲಿ 25ರ ಸುಮಾರಿಗೆ ಕುಸಿಯಿತು. ಆದರೆ ಆರು ತಿಂಗಳೊಳಗಿನ ಶಿಶುವಿಗೆ ಕೊಡುವ ಫ್ಲೂ ಲಸಿಕೆಯೇ ಇಲ್ಲದಿರುವಾಗ, ಎಂಟು ವಾರದ ಕೊಡೆಯನ್ನು ‘ಚಿಕ್ಕದಾಯಿತು’ ಎಂದು ಮಳೆಯಲ್ಲಿ ಎಸೆಯುವುದು ಜಾಣತನವೆನಿಸುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ತೊಡಕು ಎಲ್ಲಿದೆ?

ಮಾಸು: ಕಡತ ಸುತ್ತುತ್ತಿದೆ. ಫ್ಲೂ ಲಸಿಕೆ ಹಾಕಲು ಮುಂದಾಗುವ ದೇಶಗಳು ಗರ್ಭಿಣಿಯರಿಗೆ ಮೊದಲ ಆದ್ಯತೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಹೇಳಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ಧನುರ್ವಾಯು ಮತ್ತು ಗಂಟಲಮಾರಿಯ ಟಿಡಿ ಲಸಿಕೆ ಇದೆ, ಫ್ಲೂ ಲಸಿಕೆ ಇಲ್ಲ. ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ಮಗುವಿನ ವೈದ್ಯರಿಗೆ ಮಗು ಇನ್ನೂ ಹುಟ್ಟಿಲ್ಲ, ತಾಯಿಯ ವೈದ್ಯರಿಗೆ ಹುಟ್ಟಿದ ಮೇಲಿನ ಮಾತು ತಮ್ಮದಲ್ಲ. ಔಷಧಗಳ ಪರೀಕ್ಷೆಯಿಂದ ಗರ್ಭಿಣಿಯರನ್ನು ಕಾಳಜಿಯ ಹೆಸರಿನಲ್ಲಿ ಹೊರಗಿಟ್ಟು, ಆಮೇಲೆ ಗರ್ಭಿಣಿಯರ ಬಗ್ಗೆ ಸಾಕಷ್ಟು ಮಾಹಿತಿ ಇಲ್ಲವೆಂದು ಚೀಟಿಯ ಮೇಲೆ ಅಚ್ಚುಹಾಕುವುದು ಹಳೆಯ ವಾಡಿಕೆ; ಫ್ಲೂ ಲಸಿಕೆಯ ವಿಷಯದಲ್ಲಿ ಮಾಹಿತಿ ರಾಶಿಬಿದ್ದ ಮೇಲೂ ವಾಡಿಕೆ ಹೋಗಿಲ್ಲ. ‘ಬಸುರಿಗೆ ಯಾಕೆ ಸೂಜಿ, ಬಾಣಂತನ ಮುಗಿಯಲಿ’ ಎಂಬ ಷರಾ ಬರೆಯಲು ಪ್ರತಿ ಮನೆಯಲ್ಲಿಯೂ ಒಬ್ಬ ಅಧಿಕಾರಿ ಇದ್ದೇ ಇರುತ್ತಾರೆ.

ಪ್ರಶ್ನೆ: ಬಾಗಿಲು ಮುಚ್ಚಿದ ಮೇಲೆ ತಮ್ಮ ಪ್ರಭಾರ ಯಾರಿಗೆ?

ಮಾಸು: ಇಲ್ಲಿ ರಹದಾರಿ ಸಿಗದ ಐಜಿಎ ಎದೆಹಾಲಿನ ದಾರಿ ಹಿಡಿಯುತ್ತದೆ, ಲಸಿಕೆ ಪಡೆದ ತಾಯಂದಿರ ಹಾಲಿನಲ್ಲಿ ಫ್ಲೂ ವಿರುದ್ಧದ ಐಜಿಎ ಇರುವುದನ್ನು ಢಾಕಾದ ತಾಯಂದಿರಲ್ಲಿಯೇ ಗುರುತಿಸಲಾಗಿದೆ. ಕಚೇರಿಯ ಕಟ್ಟಡವನ್ನು ಹಿಂದೆ ಹಿತ್ತಿಲಿನಲ್ಲಿ ಹೂಳುತ್ತಿದ್ದರು. ಈಗಿನ ಆಸ್ಪತ್ರೆಗಳಲ್ಲಿ ನಿಯಮದ ಪ್ರಕಾರ ಹಳದಿ ಚೀಲಕ್ಕೆ ಹಾಕುತ್ತಾರೆ.

ಪ್ರಶ್ನೆ: ಕೊನೆಯದಾಗಿ, ಮಳೆಗಾಲ ಆರಂಭವಾಗಿದೆ, ಈ ದೇಶದ ಬಹುಭಾಗದಲ್ಲಿ ಫ್ಲೂ ಏರುವ ಕಾಲವಿದು. ಪ್ರಸಕ್ತ ಅವಧಿಯಲ್ಲಿ ಫ್ಲೂ ಲಸಿಕೆಯ ಪ್ರತಿಕಾಯ ಎಷ್ಟು ರವಾನೆಯಾಗಿದೆಯೆಂದು ತಿಳಿಸಬಹುದೇ?

ಈ ಪ್ರಶ್ನೆಗೆ ಮಾಸು ಕೂಡಲೇ ಉತ್ತರಿಸದೆ ಆವಕ–ಜಾವಕ ವಹಿಯನ್ನು ತೆರೆಯಿತು. ಟಿಡಿ ಲಸಿಕೆಯ ಎದುರಿನ ಪುಟ ತುಂಬಿತ್ತು. ತಾಯಿಗೆ ಎಳವೆಯಲ್ಲಿ ಬಂದಿದ್ದ ದಡಾರದ ಪ್ರತಿಕಾಯವೂ, ಹಿಂದೆಂದೋ ಬಂದುಹೋದ ಜ್ವರಗಳ ಹಳೆಯ ಪ್ರತಿಕಾಯಗಳೂ ಸಾಲುಸಾಲಾಗಿ ನಮೂದಾಗಿದ್ದವು. ಈ ವರ್ಷದ ಫ್ಲೂ ಲಸಿಕೆಯ ಸಾಲಿನಲ್ಲಿ ಎರಡು ಅಂಕಣಗಳೂ ಖಾಲಿಯಿದ್ದು, ಷರಾ ಅಂಕಣದಲ್ಲಿ ಮನೆಯ ಹಿರಿಯರ ಧಾಟಿಯಲ್ಲಿ ‘ಬಾಣಂತನ ಮುಗಿಯಲಿ’ ಎಂದಿತ್ತು. ಅದರ ಕೆಳಗೆ ಕಚೇರಿಯು ಅಚ್ಚುಕಟ್ಟಾಗಿ ಬರೆದುಕೊಂಡಿದ್ದ ಸಾಲು ಇಷ್ಟೇ: ಆವಕವಿಲ್ಲ, ಆದಕಾರಣ ಜಾವಕವಿಲ್ಲ.