ಇಪ್ಪತ್ತಮೂರು ಕಿಲೋ ಯಜಮಾನರು

ಮೈಸೂರಿನ ಸರಸ್ವತಿಪುರಂನ ಒಂದೊಂದು ಮೇನಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತರಾಗಿ ಹತ್ತು ಹನ್ನೆರಡು ವರ್ಷ. ಮೂವತ್ತು-ನಲವತ್ತರ ಸೈಟಿನಲ್ಲಿ ಸ್ವಂತ ಮನೆ. ಮಗನೋ ಮಗಳೋ ಅಮೆರಿಕದಲ್ಲಿ. ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ. ತಲೆಯ ಮೇಲೆ ಮಕ್ಕಳು ಓದಿದ ವಿಶ್ವವಿದ್ಯಾನಿಲಯದ ಹೆಸರಿರುವ ಟೋಪಿ. ಬೆಳಗಿನ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಿಗುತ್ತಾರೆ. ಮಾತು ಮಂಡಿನೋವಿನಿಂದ ಶುರುವಾಗಲಿ, ಮುಂಗಾರಿನಿಂದ ಶುರುವಾಗಲಿ, ಅರ್ಧ ಸುತ್ತು ಮುಗಿಯುವುದರೊಳಗೆ ಸೂಟ್‌ಕೇಸಿಗೆ ಬಂದು ನಿಂತಿರುತ್ತದೆ. ಪಕ್ಕದ ಕ್ರಾಸಿನವರು ಮೊದಲ ಸಲ ವಿಮಾನ ಹತ್ತುವವರಿದ್ದಾರೆಂದು ಗೊತ್ತಾದರಂತೂ ಮುಗಿಯಿತು. “ಹಾರ್ಡ್ ತಗೊಳ್ತೀರೋ, ಸಾಫ್ಟ್ ತಗೊಳ್ತೀರೋ ಸಾರ್?” ಎಂದು ಕೇಳಿ, ಉತ್ತರ ಬರುವ ಮೊದಲೇ ತಲೆಯಾಡಿಸಿ, “ತಪ್ಪು ಮಾಡ್ತಿದೀರ” ಎನ್ನುತ್ತಾರೆ. ಇವರನ್ನು ಸೂಟ್‌ಕೇಸ್ ಯಜಮಾನರೆಂದು ಕರೆಯೋಣ. ಇವರ ಲೆಕ್ಕಗಳೆಲ್ಲ ಸರಿಯಾಗಿದ್ದು ತೀರ್ಪು ಮಾತ್ರ ತಪ್ಪಾಗಿರುತ್ತದೆ ಎಂಬುದು ನನ್ನ ವಾದ. ಪೆಟ್ಟಿಗೆಯನ್ನು ಕೊಳ್ಳುವವರು ಇವರು, ತೂಗುವವರು ಇವರು, ಬೀಗ ಹಾಕಿ ಬೀಗದ ಅಂಕಿ ಮರೆಯುವವರೂ ಇವರೇ. ತುಂಬುವವರು ಮಾತ್ರ ಬೇರೆ.

ಯಜಮಾನರು ಹುಟ್ಟಿನಿಂದ ಗಟ್ಟಿಪಕ್ಷದವರು. ಅವರ ಬಾಲ್ಯದಲ್ಲಿ ಪ್ರಯಾಣವೆಂದರೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿದ ಕಬ್ಬಿಣದ ಟ್ರಂಕು, ಜೊತೆಗೊಂದು ಹೋಲ್ಡಾಲ್. ವಿಐಪಿ ಕಂಪನಿ ಶುರುವಾದದ್ದು 1968ರಲ್ಲಿ. ಅದರ ಅಚ್ಚಿನ ಸೂಟ್‌ಕೇಸು ಬಂದ ಮೇಲೆ ಟ್ರಂಕು ಅಟ್ಟ ಹತ್ತಿತು, ಮದುವೆಯಲ್ಲಿ ಅಳಿಯನಿಗೆ ಕೊಡುವ ವಸ್ತುಗಳ ಪಟ್ಟಿಯಲ್ಲಿ ಸೂಟ್‌ಕೇಸಿಗೊಂದು ಕಾಯಂ ಜಾಗ ಸಿಕ್ಕಿತು. ಅದನ್ನು ಎತ್ತಿ ಹಿಡಿದು ನಡೆಯಬೇಕಿತ್ತು ಎಂಬುದು ಆಗ ಯಾರಿಗೂ ದೂರಾಗಿ ಕಾಣಲಿಲ್ಲ, ರೈಲ್ವೆ ಕೂಲಿಗಳಿದ್ದರು. ಪೆಟ್ಟಿಗೆಗೆ ಚಕ್ರ ಕೂಡಿಸಿ ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕನ್ನನು ಪೇಟೆಂಟ್ ಪಡೆದದ್ದು 1972ರಲ್ಲಿ. ಇಂದಿನಂತೆ ಪೆಟ್ಟಿಗೆಯನ್ನು ನಿಲ್ಲಿಸಿ, ಉದ್ದ ಹಿಡಿಯಿಂದ ಎಳೆದುಕೊಂಡು ಹೋಗುವ ಉಪಾಯ ಮಾಡಿದ್ದು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ, 1987ರಲ್ಲಿ. ಈ ಚಕ್ರದ ಪೆಟ್ಟಿಗೆಗಳು ಬಟ್ಟೆಯ ಮೈ ಹೊತ್ತು ನಮ್ಮೂರಿಗೆ ಬಂದಾಗ ಯಜಮಾನರು ಮೆದುಪಕ್ಷ ಸೇರಿದರು. ಪಾಲಿಕಾರ್ಬೊನೇಟ್ ಬಂದ ಮೇಲೆ ತಿರುಗಿ ಮಾತೃಪಕ್ಷಕ್ಕೆ ಮರಳಿದರು. ಎರಡು ಸಲ ಪಕ್ಷಾಂತರ ಮಾಡಿದವರ ನಿಷ್ಠೆ ಎಷ್ಟು ಉಗ್ರವಾಗಿರುತ್ತದೆಂದು ಕರ್ನಾಟಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಗಟ್ಟಿಪಕ್ಷದ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪಾಲಿಕಾರ್ಬೊನೇಟ್ ಪೆಟ್ಟು ಬಿದ್ದರೆ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬರುತ್ತದೆ. ಅದಕ್ಕಿಂತ ಅಗ್ಗದ ಎಬಿಎಸ್ ಪ್ಲಾಸ್ಟಿಕ್ಕಿಗೆ ಅಷ್ಟು ಬಾಗುವ ಗುಣವಿಲ್ಲ, ಸೀಳುತ್ತದೆ. ಈ ವ್ಯತ್ಯಾಸ ಯಜಮಾನರಿಗೆ ಗೊತ್ತು. ಅಂಗಡಿಗೆ ಹೋದರೆ ಪೆಟ್ಟಿಗೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ, ಬಳಿಕ ತೆಂಗಿನಕಾಯಿ ಆರಿಸುವವರ ಹಾಗೆ ತಟ್ಟಿ ಕಿವಿಗೊಡುತ್ತಾರೆ. ಮೆದು ಪೆಟ್ಟಿಗೆಯ ವಿಷಯಕ್ಕೆ ಬಂದರೆ ಡೆನಿಯರ್ ಕೇಳುತ್ತಾರೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅದರ ಡೆನಿಯರ್. 1912ರಿಂದ ರೇಷ್ಮೆ ನೇಯುತ್ತಿರುವ ಊರಿಗೆ ಈ ಲೆಕ್ಕ ಹೊಸದಲ್ಲ. ಕಚ್ಚಾ ರೇಷ್ಮೆಯ ಎಳೆ ಇಪ್ಪತ್ತರ ಆಸುಪಾಸಿನಲ್ಲಿದ್ದರೆ, ಗಟ್ಟಿಮುಟ್ಟಾದ ಬ್ಯಾಗಿನ ಬಟ್ಟೆಯ ಎಳೆ 1680 ಡೆನಿಯರ್ ಇರುವುದುಂಟು. ಇಷ್ಟೆಲ್ಲ ತಿಳಿದ ಮನುಷ್ಯ ತಪ್ಪು ಮಾಡುವುದಾದರೂ ಎಲ್ಲಿ? ಪೆಟ್ಟಿಗೆ ಸಾಯುವುದು ಗೋಡೆಯಿಂದ ಎಂದು ನಂಬುವಲ್ಲಿ. ಯಾವ ಮನೆಯ ಅಟ್ಟವನ್ನು ಬೇಕಾದರೂ ಇಳಿಸಿ ನೋಡಿ, ಅಲ್ಲಿ ಮೂಲೆಗೆ ಬಿದ್ದಿರುವ ಪೆಟ್ಟಿಗೆಗಳ ಮೈ ನೆಟ್ಟಗೇ ಇರುತ್ತದೆ. ಹೋಗಿರುವುದು ಚಕ್ರ, ಇಲ್ಲವೇ ಎಳೆಯುವ ಹಿಡಿ, ಇಲ್ಲವೇ ಜಿಪ್ಪು. ಮರದ ಬೇರು ಎತ್ತಿ ನಿಲ್ಲಿಸಿದ ಫುಟ್‌ಪಾತ್ ಚಪ್ಪಡಿಗಳ ಮೇಲೆ ನೂರು ಗಜ ಎಳೆದರೆ ಸಾಕು, ನಾಲ್ಕು ದಿಕ್ಕಿಗೂ ತಿರುಗುವ ಚಕ್ರದಲ್ಲಿ ಒಂದು ವಾನಪ್ರಸ್ಥಕ್ಕೆ ಹೋಗುತ್ತದೆ. ಕಳ್ಳನ ಭಯವೂ ಹಾಗೆಯೇ. ಜಿಪ್ಪಿನ ಪೆಟ್ಟಿಗೆ ಗಟ್ಟಿಯಿರಲಿ ಮೆದುವಿರಲಿ, ಬಾಲ್‌ಪೆನ್ನಿನ ಮೊನೆಗೆ ಬಾಯಿ ಬಿಡುತ್ತದೆ. ಅಮೆರಿಕದ ತಪಾಸಣೆಯವರು ಒಡೆಯದೆ ತೆರೆಯಲೆಂದು ಬಂದ ವಿಶೇಷ ಬೀಗವನ್ನು ಯಜಮಾನರು ತುಂಬ ಹೊಗಳುತ್ತಾರೆ. ಅದರ ಸರ್ವಕೀಲಿಗಳ ಫೋಟೋ ಪತ್ರಿಕೆಯಲ್ಲಿ ಹೊರಬಿದ್ದು, 2015ರಲ್ಲೇ ಜನ ಮನೆಯಲ್ಲಿ ಕುಳಿತು ನಕಲು ಅಚ್ಚು ಹಾಕಿಕೊಂಡದ್ದು ಆ ಹೊಗಳಿಕೆಯಲ್ಲಿ ಸೇರುವುದಿಲ್ಲ.

ಇನ್ನು ತೂಕ. ಅಮೆರಿಕದ ಸಾಮಾನ್ಯ ದರ್ಜೆಯ ಟಿಕೆಟ್ಟಿಗೆ ಒಂದು ಪೆಟ್ಟಿಗೆಗೆ ಬಹುಮಟ್ಟಿಗೆ 23 ಕಿಲೋ ಮಿತಿ, ಉದ್ದ ಅಗಲ ಎತ್ತರ ಕೂಡಿ 158 ಸೆಂಟಿಮೀಟರ್. 23 ಎಂಬ ಸಂಖ್ಯೆ ಯಜಮಾನರ ಬಾಯಲ್ಲಿ ಮಂತ್ರದಂತೆ ನಿಂತಿದೆ. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ತಾವು ನಿಂತು, ಬಳಿಕ ಪೆಟ್ಟಿಗೆ ಎತ್ತಿಕೊಂಡು ನಿಂತು, ಕಳೆದು ನೋಡುತ್ತಾರೆ. ಕೊಕ್ಕೆಗೆ ಸಿಕ್ಕಿಸುವ ಸಣ್ಣ ತಕ್ಕಡಿಯಲ್ಲಿ ಇನ್ನೊಮ್ಮೆ. ಎರಡಕ್ಕೂ ಮುನ್ನೂರು ಗ್ರಾಂ ವ್ಯತ್ಯಾಸ ಬಂದರೆ ಆ ರಾತ್ರಿ ನಿದ್ದೆಯಿಲ್ಲ. 28 ಇಂಚಿನ ಪೆಟ್ಟಿಗೆ ಖಾಲಿಯಿರುವಾಗಲೇ ನಾಲ್ಕು ಕಿಲೋ ಆಸುಪಾಸು ತೂಗುವುದರಿಂದ, ಪೆಟ್ಟಿಗೆಯಲ್ಲಿ ಉಳಿಸಿದ ಪ್ರತಿ ಗ್ರಾಮೂ ಸಾರಿನ ಪುಡಿಗೆ ಸಂದ ಗ್ರಾಮು ಎಂಬ ಅವರ ಲೆಕ್ಕವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮೆದುವೆಲ್ಲ ಹಗುರ, ಗಟ್ಟಿಯೆಲ್ಲ ಭಾರ ಎಂಬ ಹಳೆಯ ನಂಬಿಕೆ ಈಗ ನಿಲ್ಲುವುದಿಲ್ಲ. ತೆಳು ಪಾಲಿಪ್ರೊಪಿಲೀನಿನ ಗಟ್ಟಿ ಪೆಟ್ಟಿಗೆ, ದಪ್ಪ ಚೌಕಟ್ಟು, ನಾಲ್ಕು ಜೇಬು, ಎರಡು ಪದರ ಬಟ್ಟೆಯ ಮೆದು ಪೆಟ್ಟಿಗೆಗಿಂತ ಹಗುರವಾಗಿರಬಹುದು. ಅಂದಮೇಲೆ ತಕ್ಕಡಿ ಯಾವ ಪಕ್ಷಕ್ಕೂ ಮತ ಹಾಕಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಚೀಟಿ ಓದಿದರೆ ಮುಗಿಯುವ ಮಾತಿದು, ಕೆರೆಗೆ ಒಂದು ಸುತ್ತು ಹಾಕಬೇಕಾದದ್ದಲ್ಲ.

ನಿಜವಾದ ತೀರ್ಮಾನ ಆಗುವುದು ಹೊರಡುವ ಹಿಂದಿನ ಮೂರು ದಿನ, ಮನೆಯ ನಡುಮನೆಯಲ್ಲಿ. ಸರಸ್ವತಿಪುರಂನಿಂದ ಅಮೆರಿಕಕ್ಕೆ ಹೊರಡುವ ದೊಡ್ಡ ಪೆಟ್ಟಿಗೆಗಳಲ್ಲಿ ಎಷ್ಟೋ ಬಾಣಂತನದ ಪೆಟ್ಟಿಗೆಗಳು. ಅದರೊಳಗೆ ಹೋಗುವುದೇನೆಂದು ನೋಡಿ: ಅಂಟಿನುಂಡೆ, ಲೇಹ್ಯ, ರಾಗಿಸರಿಯ ಹಿಟ್ಟು, ಹುಳಿಪುಡಿ, ಚಟ್ನಿಪುಡಿ, ಹಳೆಯ ಪಂಚೆ ಹರಿದು ಹೊಲಿದ ಮಗುವಿನ ಬಟ್ಟೆ, ಹಪ್ಪಳ, ಸಂಡಿಗೆ, ಒಂದು ಡಜನ್ ಮೈಸೂರು ಸ್ಯಾಂಡಲ್ ಸೋಪು. ಕರಿಬೇವಿನ ಹಸಿ ಎಲೆ ಹೋಗುವಂತಿಲ್ಲ, ನಿಂಬೆ ಕಿತ್ತಳೆ ತೋಟಗಳನ್ನು ಕೆಡಿಸುವ ಕೀಟ ಅದರ ಮೇಲೆ ಸವಾರಿ ಮಾಡುತ್ತದೆಂದು ಅಮೆರಿಕ ತಡೆಹಾಕಿದೆ. ಇಡೀ ಕೊಬ್ಬರಿ ಗಿಟುಕಂತೂ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲೇ ಇದೆ, 1363 ಅದರ ಸಂಖ್ಯೆ, ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ವರ್ಗ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಇಷ್ಟು ದಿನ ಬಾಂಬು ಕುಳಿತಿತ್ತೆಂದು ತಿಳಿದ ಯಜಮಾನರು ಹೊಸ ಗೌರವದಿಂದ ಅದರತ್ತ ನೋಡುತ್ತಾರೆ. ಈಗ ಗಟ್ಟಿ ಪೆಟ್ಟಿಗೆಯ ರಚನೆ ನೆನಪಿಸಿಕೊಳ್ಳಿ. ಅವುಗಳಲ್ಲಿ ಹೆಚ್ಚಿನವು ಪುಸ್ತಕದ ಹಾಗೆ ಎರಡು ಹೋಳಾಗಿ ತೆರೆದುಕೊಳ್ಳುತ್ತವೆ. ಅಂಥ ಎರಡು ಪೆಟ್ಟಿಗೆ ತೆರೆದಿಟ್ಟರೆ ಮೂವತ್ತು-ನಲವತ್ತರ ಮನೆಯ ನಡುಮನೆಯಲ್ಲಿ ದೇವರಮನೆಗೆ ದಾರಿಯಿರುವುದಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಎರಡು ಹೋಳಿನ ಪೆಟ್ಟಿಗೆ ತುಂಬಬೇಕಾದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂದು ಮೊದಲೇ ಗೊತ್ತಿರಬೇಕು. ನಮ್ಮ ಮನೆಗಳಲ್ಲಿ ಅದು ಯಾವತ್ತೂ ಗೊತ್ತಿರುವುದಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ಎದುರುಮನೆಯವರು ಅಮೆರಿಕದಲ್ಲಿರುವ ತಮ್ಮ ಮಗನಿಗೆಂದು ‘ಬರೀ ಅರ್ಧ ಕಿಲೋ’ ಚಕ್ಕುಲಿ ತರುತ್ತಾರೆ. ಕಾರು ಗೇಟಿನ ಮುಂದೆ ಬಂದು ನಿಂತಾಗ ದೇವಸ್ಥಾನದ ಕುಂಕುಮದ ಪೊಟ್ಟಣ ನೆನಪಾಗುತ್ತದೆ. ಮೆದು ಪೆಟ್ಟಿಗೆಗೆ ಇದೆಲ್ಲ ಗೊತ್ತು. ಅದರ ಹೊರಜೇಬು ಇರುವುದೇ ಎದುರುಮನೆಯವರಿಗಾಗಿ. ಒಂದು ಮುಚ್ಚಳ ಎತ್ತಿ, ಅಂಗೈಯಿಂದ ಒತ್ತಿ, ಸೀರೆಗಳ ಸಂದಿಯಲ್ಲಿ ಇನ್ನೊಂದು ಪೊಟ್ಟಣ ತೂರಿಸಬಹುದು. ಮಿತಿಯನ್ನು ಒಪ್ಪಿಕೊಂಡೂ ಒಪ್ಪದಿರುವ ಈ ಕಲೆ ಗಟ್ಟಿ ಪೆಟ್ಟಿಗೆಗೆ ಒಲಿದಿಲ್ಲ.

ಇದಕ್ಕೆ ಯಜಮಾನರ ಕಡೆಯಿಂದ ಬರುವ ಗಂಭೀರ ಆಕ್ಷೇಪ ಎಣ್ಣೆಯದು. ಉಪ್ಪಿನಕಾಯಿ ಸೋರಿದರೆ ಗಟ್ಟಿ ಪೆಟ್ಟಿಗೆಯನ್ನು ಒರೆಸಬಹುದು, ಬಟ್ಟೆಯ ಪೆಟ್ಟಿಗೆ ಜನ್ಮವಿಡೀ ಮಿಡಿಮಾವಿನ ವಾಸನೆ ಹೊತ್ತು ತಿರುಗಬೇಕು. ಮಾತು ನಿಜ. ಆದರೆ ಮೈಸೂರಿನಲ್ಲಿ ನಿಂತು ಈ ಮಾತಾಡುವವರು ತಮ್ಮ ಊರಿನ ಇತಿಹಾಸ ಸ್ವಲ್ಪ ನೋಡಬೇಕು. 1961ರಲ್ಲಿ ಇಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಎದುರಿಸಿದ್ದು ಇದೇ ಗಟ್ಟಿ-ಮೆದು ಪ್ರಶ್ನೆಯನ್ನು: ಸೈನಿಕ ಹೊತ್ತು ನಡೆಯುವ ಊಟ ತಗಡಿನ ಡಬ್ಬಿಯಲ್ಲಿರಬೇಕೋ, ಬಗ್ಗುವ ಪೊಟ್ಟಣದಲ್ಲಿರಬೇಕೋ? ಅಲ್ಲಿನ ವಿಜ್ಞಾನಿಗಳು ಶಾಖದಿಂದ ಸಂಸ್ಕರಿಸಿ ಮುಚ್ಚಿದ ಪದರಪದರದ ಪೊಟ್ಟಣಗಳ ಮೇಲೆ ಕೆಲಸ ಮಾಡಿದರು. ಆ ತಂತ್ರವನ್ನು ಪಡೆದೇ ಎಂಟಿಆರ್‌ನವರು ಬಿಸಿಮಾಡಿ ತಿನ್ನುವ ಊಟದ ಪೊಟ್ಟಣ ಮಾರುಕಟ್ಟೆಗೆ ತಂದದ್ದು. ಸಾರು, ಪಲ್ಯಗಳು ಸೋರದೆ ಹಿಮಾಲಯ ಹತ್ತಬಲ್ಲವಾದರೆ ಮಾವಿನಕಾಯಿ ಅಟ್ಲಾಂಟಿಕ್ ದಾಟಲಾರದೆ? ‘ಸೈನ್ಯದವರು ಆ ಪೊಟ್ಟಣಗಳನ್ನು ಮತ್ತೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೇ ಕಳಿಸುತ್ತಾರಲ್ಲ’ ಎಂದು ಯಜಮಾನರು ಕೇಳಬಹುದು. ಕೇಳಲಿ. ಆ ಪ್ರಶ್ನೆಯಿಂದ ಕುಸಿಯುವುದು ಅವರದೇ ವಾದ, ಹೇಗೆಂದು ಹೇಳುತ್ತೇನೆ.

ಎರಡೂ ಪಕ್ಷದವರು ಪೆಟ್ಟಿಗೆ ಕೊಂಡ ಮೇಲೆ ಏನು ಮಾಡುತ್ತಾರೆಂದು ಗಮನಿಸಿ. ಗಟ್ಟಿಪಕ್ಷದ ಯಜಮಾನರು ಮಿರಿಮಿರಿ ಮಿಂಚುವ ಪೆಟ್ಟಿಗೆ ತಂದು, ಅದಕ್ಕೆ ಗೀರು ಬೀಳಬಾರದೆಂದು ಬಟ್ಟೆಯ ಗವಸು ತೊಡಿಸುತ್ತಾರೆ. ಹೊಳಪಿಗೆ ಕೊಟ್ಟ ದುಡ್ಡು ಗವಸಿನೊಳಗೆ ಕತ್ತಲಲ್ಲಿ ಕುಳಿತಿರುತ್ತದೆ, ಸೋಫಾದ ಮೇಲಿನ ಬೆಡ್‌ಶೀಟಿನ ಕೆಳಗೆ ಸೋಫಾದ ಬಣ್ಣ ಕುಳಿತಿರುವಂತೆ. ಗವಸಿನ ಮೇಲೊಂದು ಬೆಲ್ಟು, ಬೆಲ್ಟಿಗೊಂದು ಕೆಂಪು ಲಾಡಿ, ಪಟ್ಟಿಯ ಮೇಲೆ ಉರುಳಿ ಬರುವಾಗ ಗುರುತು ಸಿಗಲೆಂದು. ಅದೇ ಕೆಂಪು ಲಾಡಿ ಕಟ್ಟಿದ ಇನ್ನೂ ಎಂಟು ಪೆಟ್ಟಿಗೆ ಅದೇ ಪಟ್ಟಿಯ ಮೇಲೆ ಬರುತ್ತವೆ. ಮೆದುಪಕ್ಷದವರ ಮನೆಯಲ್ಲೋ, ಬಟ್ಟೆಯ ಪೆಟ್ಟಿಗೆ ತಂದು, ಅದರೊಳಗೆ ಅಂಟಿನುಂಡೆಗೆ ಸ್ಟೀಲ್ ಡಬ್ಬಿ, ಚಕ್ಕುಲಿಗೆ ಬಿಸ್ಕತ್ತಿನ ತಗಡಿನ ಡಬ್ಬಿ, ಹಪ್ಪಳಕ್ಕೆ ಮೇಲೊಂದು ಕೆಳಗೊಂದು ರಟ್ಟು ಜೋಡಿಸುತ್ತಾರೆ. ಗಟ್ಟಿ ಕೊಂಡವರು ಹೊರಗೆ ಮೆದು ಮಾಡಿಕೊಂಡರು, ಮೆದು ಕೊಂಡವರು ಒಳಗೆ ಗಟ್ಟಿ ಮಾಡಿಕೊಂಡರು. ಹಾಗಿದ್ದಮೇಲೆ ಕೆರೆಯ ಏರಿಯ ಮೇಲಿನ ಜಗಳ ಯಾವುದರ ಮೇಲೆ? ಯಾವ ಪದರ ಅಂಗಡಿಯದು, ಯಾವ ಪದರ ಮನೆಯದು ಎಂಬುದರ ಮೇಲಷ್ಟೇ. ಅಂಗಡಿಯ ಪದರಕ್ಕೆ ಕಂಪನಿಯ ಹೆಸರು, ವಾರಂಟಿ, ಯಜಮಾನರ ಉಪನ್ಯಾಸ. ಮನೆಯ ಪದರಕ್ಕೆ ಹಳೆಯ ಸೀರೆ, ಖಾಲಿ ಡಬ್ಬಿ, ಮನೆಯಾಕೆಯ ನಡುರಾತ್ರಿ. ಚಕ್ಕುಲಿ ಮುರಿಯದೆ ತಲುಪಿದರೆ ಕೀರ್ತಿ ಮೊದಲನೆಯದಕ್ಕೆ ಹೋಗುತ್ತದೆ, ಪುಡಿಯಾದರೆ ಬೈಗುಳ ಎರಡನೆಯದಕ್ಕೆ.

ಅಷ್ಟಾದರೂ ಯಾವುದನ್ನು ಕೊಳ್ಳಬೇಕು ಎಂದು ಹಠ ಹಿಡಿದರೆ, ಹೋಗುವಾಗ ಮೆದು, ಬರುವಾಗ ಗಟ್ಟಿ ಎನ್ನುತ್ತೇನೆ. ಹೋಗುವಾಗಿನ ಪುಡಿಗಳೂ ಬಟ್ಟೆಗಳೂ ಯಾವ ಆಕಾರಕ್ಕಾದರೂ ಒಗ್ಗುತ್ತವೆ. ಆರು ತಿಂಗಳು ಕಳೆದು ಬರುವಾಗಿನವು ಹಾಗಲ್ಲ: ಸೆಂಟಿನ ಬಾಟಲಿ, ಗಾಜಿನ ತಟ್ಟೆ, ವಿಟಮಿನ್ ಡಬ್ಬಿ, ಮಗ ಹಳೆಯದೆಂದು ಕೊಟ್ಟ ಲ್ಯಾಪ್‌ಟಾಪ್. ಇದನ್ನು ಹೇಳಿದರೆ ಯಜಮಾನರು, “ಹಾಗಾದ್ರೆ ಬರುವಾಗಿನದನ್ನ ಅಲ್ಲೇ ಡಿಸ್ಕೌಂಟಿನಲ್ಲಿ ತಗೊಳ್ಳಿ” ಎಂದು ಅದನ್ನೂ ತಮ್ಮ ಸಲಹೆಯಾಗಿ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ಪಾಪ. ಮಕ್ಕಳು ದೂರವಿರುವ ಮನೆಯಲ್ಲಿ ಮುಂದಿನ ಪ್ರಯಾಣದ ಬಗ್ಗೆ ಮಾತಾಡಲು ಒಂದು ನೆಪ ಬೇಕು, ಸೂಟ್‌ಕೇಸಿನಷ್ಟು ಅನುಕೂಲದ ನೆಪ ಬೇರೆ ಸಿಗದು. ವರ್ಷಕ್ಕೊಂದರಂತೆ ಪೆಟ್ಟಿಗೆಗಳು ಅಟ್ಟ ಸೇರುತ್ತವೆ, ದೊಡ್ಡದರೊಳಗೆ ನಡುವಿನದು, ಅದರೊಳಗೆ ಚಿಕ್ಕದು, ಎಲ್ಲದರೊಳಗೂ ನುಸಿಗುಳಿಗೆ. ಅವೆಲ್ಲವುಗಳ ಕೆಳಗೆ ಮಾತ್ರ ಆ ಹಳೆಯ ಕಬ್ಬಿಣದ ಟ್ರಂಕಿದೆ. ಮನೆಯಲ್ಲಿ ಒಡೆಯಲೇಬಾರದ ವಸ್ತು, ದಸರೆಯ ಪಟ್ಟದ ಗೊಂಬೆಗಳು, ಇರುವುದು ಅದರಲ್ಲಿ. ಒಂದೊಂದು ಗೊಂಬೆಗೂ ಹಳೆಯ ನೂಲಿನ ಸೀರೆಯ ತುಂಡು ಸುತ್ತಿ, ಸಂದಿಗೆಲ್ಲ ಬಟ್ಟೆ ತುರುಕಿ ಇಟ್ಟಿದ್ದಾರೆ. ಅದಕ್ಕೆ ಚಕ್ರವಿಲ್ಲ, ವಾರಂಟಿಯಿಲ್ಲ. ನವರಾತ್ರಿಗೆ ಮುಂಚೆ ಅದನ್ನು ಅಟ್ಟದಿಂದ ಕೆಳಗಿಳಿಸುವುದಕ್ಕಷ್ಟೇ ಯಜಮಾನರಿಗೆ ಕರೆ ಬರುತ್ತದೆ. ಬೀಗದ ಕೈ ಮನೆಯಾಕೆಯ ಸೆರಗಿನಲ್ಲಿದೆ.